ಮಗಳಿಗೊಂದು ಪತ್ರ: ‘ಆಗಲ್ಲ’ ಅನ್ನಲು ನಾನು ಕಲಿತ ದೇಶ

ಮೈಸೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ನಿನ್ನ ದನಿ ಕಟ್ಟಿದ್ದಕ್ಕೆ ನೆಗಡಿ ಅಂತ ಹೇಳಿದೆ. ಸರಿ, ನೆಗಡಿ ಅಂತಲೇ ಇಟ್ಟುಕೊಳ್ಳೋಣ. "ಮೂರು ವಾರ ಆಯ್ತಮ್ಮ, ಯಾರೂ ಏನೂ ಕೆಲಸ ಹೇಳ್ತಿಲ್ಲ. ಮಾಡಿದ್ದು ಚೆನ್ನಾಗಿದೆ ಅಂತಾನೂ ಇಲ್ಲ, ಚೆನ್ನಾಗಿಲ್ಲ ಅಂತಾನೂ ಇಲ್ಲ. ನಾನು ಇವರಿಗೆ ಬೇಡವಾಗಿದೀನೇನೋ" ಅಂದೆಯಲ್ಲ, ಅದು ತಲೆಯಲ್ಲಿ ತಿರುಗುತ್ತಲೇ ಇದೆ. ನಾನು ಹೇಳಿದ್ದು "ಎಲ್ಲ ಸರಿ ಹೋಗುತ್ತೆ ಬಿಡು" ಅಂತ. ಅದು ಅಮ್ಮಂದಿರ ಬಾಯಿಪಾಠ, ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ.

ನಿಜ ಹೇಳಬೇಕೆಂದರೆ, ನೀನೀಗ ಕೆಲಸಕ್ಕೆ ಸೇರಿರುವ ಸ್ವೀಡನ್ನಿನಿಂದಲೇ 2007ರಲ್ಲಿ ನಾನು ನಿಮ್ಮಜ್ಜಿಗೆ ಫೋನ್ ಮಾಡಿ ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು "ಸರಿ ಅಮ್ಮ" ಅಂದುಬಿಡುತ್ತೀಯ. ಆ "ಸರಿ"ಯ ಬಗ್ಗೆಯೇ ನಿನ್ನ ಹತ್ತಿರ ಸ್ವಲ್ಪ ಮಾತಾಡಬೇಕಿದೆ.

ಗೊಥೆನ್‌ಬರ್ಗ್‌ನ ದಿನಗಳು ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಬೋರ್ಡಿನಲ್ಲಿ ಒಂದು ಥರ ಬರೆದಿರುತ್ತಾರೆ, ಬಾಯಲ್ಲಿ "ಯೋತೆಬೊರಿ" ಅನ್ನುತ್ತಾರೆ. ಅದು ಗೊತ್ತಾಗದೆ ಮೊದಲ ದಿನ ವಿಮಾನ ನಿಲ್ದಾಣದಲ್ಲಿ ನಾವು ಹತ್ತಬೇಕಾದ ಬಸ್ಸು ತಪ್ಪಿಹೋಗಿತ್ತು. ನಿನಗೆ ಆಗ ನಾಲ್ಕು ವರ್ಷ. ಟ್ರಾಮಿನ ಕಿಟಕಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದೆ. ವೋಲ್ವೊ ಅಂದರೆ ಬಸ್ಸು ಅಂತ ಮಾತ್ರ ಗೊತ್ತಿದ್ದ ನಮಗೆ, ಅಲ್ಲಿ ಅದು ಅರ್ಧ ಊರಿನ ಅನ್ನ ಅಂತ ತಿಳಿದದ್ದು ಆಮೇಲೆ. ನಮ್ಮ ಬೆಂಗಳೂರು ಆಫೀಸಿನಿಂದ ಅಲ್ಲಿನ ಒಂದು ಕಂಪನಿಯ ಕೆಲಸಕ್ಕೆ ನನ್ನನ್ನು ಕಳಿಸಿದ್ದರು. ಟೆಸ್ಟಿಂಗ್ ಕೆಲಸ. ಮೊದಲ ತಿಂಗಳು ನನಗೂ ಯಾರೂ ಏನೂ ಹೇಳಲಿಲ್ಲ. ಟೇಬಲ್ ಕೊಟ್ಟರು, ಕಾಫಿ ಮೆಷಿನ್ ತೋರಿಸಿದರು, ನಕ್ಕರು, ಹೋದರು.

ಈಗ ನೀನೊಂದು ಕೆಲಸ ಮಾಡು. ಈ ಮೂರು ವಾರದಲ್ಲಿ ನಿನ್ನ ಮ್ಯಾನೇಜರ್ ಕಳಿಸಿದ ಮೇಲ್‌ಗಳನ್ನೆಲ್ಲ ಇನ್ನೊಮ್ಮೆ ಓದು. "ಸಮಯ ಸಿಕ್ಕರೆ ಇದನ್ನೊಮ್ಮೆ ನೋಡ್ತೀಯಾ?" "ಇದರ ಬಗ್ಗೆ ನಿನಗೇನನ್ನಿಸುತ್ತೆ?" "ಇದನ್ನು ಯಾರಾದರೂ ಎತ್ತಿಕೊಂಡರೆ ಒಳ್ಳೇದಿತ್ತು." ಇಂಥ ಸಾಲುಗಳು ಸಿಕ್ಕೇ ಸಿಗುತ್ತವೆ. ಅವೇ ಕಣೇ ಕೆಲಸ! ನಮ್ಮಲ್ಲಿ ಕೆಲಸ ಹೇಳುವುದು ಅಂದರೆ "ಇದನ್ನು ಮಾಡು, ಸಂಜೆಯೊಳಗೆ ಕೊಡು." ಅಲ್ಲಿ ಅದು ಪ್ರಶ್ನೆಯ ಬಟ್ಟೆ ಹಾಕಿಕೊಂಡು ಬರುತ್ತದೆ. ನಾವು ಅದನ್ನು ಪ್ರಶ್ನೆ ಅಂದುಕೊಂಡು "ಹೂಂ, ನೋಡ್ತೀನಿ" ಅಂತ ಸುಮ್ಮನಾಗುತ್ತೇವೆ. ಅವರು "ನೋಡ್ತೀನಿ ಅಂದಳು, ನೋಡ್ತಿದ್ದಾಳೆ" ಅಂತ ಸುಮ್ಮನಾಗುತ್ತಾರೆ.

ಹಾಗಂತ ಅದು ವೇಷ ಹಾಕಿದ ಹುಕುಂ ಅಷ್ಟೇ ಅಂತಲೂ ಅಂದುಕೊಳ್ಳಬೇಡ. ಅದರಲ್ಲಿ ನಿಜವಾದ ಪ್ರಶ್ನೆಯೂ ಇರುತ್ತದೆ. ಇದು ನನಗೆ ತಿಳಿದದ್ದು 2008ರ ಒಂದು ಶುಕ್ರವಾರ. ಆ ಕತೆ ನಿನಗೆ ಯಾವತ್ತೂ ಹೇಳಿಲ್ಲ. ನಿಮ್ಮಪ್ಪನಿಗೂ ಅರ್ಧವೇ ಗೊತ್ತು.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನನ್ನು ಕೇಳಿದರು, "ಇದು ಶುಕ್ರವಾರದೊಳಗೆ ಆಗಬಹುದಾ?" ಅಂತ. ಅದಕ್ಕೆ ಎರಡು ವಾರ ಬೇಕು ಅಂತ ನನಗೆ ಆ ಕ್ಷಣವೇ ಗೊತ್ತಿತ್ತು. ಆದರೂ "ಸರಿ" ಅಂದೆ. ಜೊತೆಗೆ ತಲೆಯನ್ನೂ ನಮ್ಮ ಥರ ಆ ಕಡೆ ಈ ಕಡೆ ಆಡಿಸಿದೆ. (ಅದನ್ನು ನೋಡಿ ಹೌದೋ ಅಲ್ಲವೋ ಅಂತ ಅವರಿಗೆ ಗೊತ್ತಾಗುವುದಿಲ್ಲ. ನೀನೂ ಅಭ್ಯಾಸ ಬಿಡು, ಬಾಯಲ್ಲಿ ಹೇಳು.) ಆ ವಾರವೆಲ್ಲ ರಾತ್ರಿ ಒಂಬತ್ತರವರೆಗೆ ಆಫೀಸಿನಲ್ಲಿ ಕೂತೆ. ಇಡೀ ಮಹಡಿಯಲ್ಲಿ ನಾನೊಬ್ಬಳೇ. ಯಾರೂ ಓಡಾಡದಿದ್ದರೆ ದೀಪ ತಾನೇ ಆರಿಹೋಗುತ್ತಿತ್ತು. ಕೂತಲ್ಲೇ ಕೈ ಬೀಸಿ ದೀಪ ಹೊತ್ತಿಸಿಕೊಳ್ಳುತ್ತಿದ್ದೆ. ನೀನು ಮನೆಯಲ್ಲಿ ಅಪ್ಪನ ಕೈಯಲ್ಲಿ ಮೊಸರನ್ನ ತಿಂದು ಮಲಗಿರುತ್ತಿದ್ದೆ.

ಶುಕ್ರವಾರ ಬಂತು. ಅರ್ಧ ಆಗಿತ್ತು. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ, ಕ್ಷಮೆಯ ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಬೈಯಲಿಲ್ಲ. ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು: "ಇದು ಆಗೋದಿಲ್ಲ ಅಂತ ನಿನಗೆ ಯಾವತ್ತು ಗೊತ್ತಾಯಿತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸೋಮವಾರ" ಅಂದೆ.

"ಹಾಗಾದರೆ ಸೋಮವಾರವೇ ಯಾಕೆ ಹೇಳಲಿಲ್ಲ?"

ಅಷ್ಟೇ. ಇನ್ನೊಂದು ಮಾತಿಲ್ಲ. ಬೈದಿದ್ದರೆ ಬೈಸಿಕೊಂಡು ಮನೆಗೆ ಬಂದು ಮರೆಯುತ್ತಿದ್ದೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಶುಕ್ರವಾರವನ್ನು ನಂಬಿ ಇನ್ನಿಬ್ಬರು ತಮ್ಮ ಮುಂದಿನ ವಾರವನ್ನು ಜೋಡಿಸಿಕೊಂಡಿದ್ದರಂತೆ. ಒಬ್ಬಾತ ಬೇರೆ ಊರಿನಿಂದ ಬರಲು ರೈಲು ಟಿಕೆಟ್ಟೂ ತೆಗೆದಿದ್ದ. ನಾಲ್ಕು ರಾತ್ರಿ ಕೂತಿದ್ದಕ್ಕೆ ಒಬ್ಬರೂ "ಪಾಪ, ಎಷ್ಟು ಕಷ್ಟಪಟ್ಟಳು" ಅನ್ನಲಿಲ್ಲ. ಮುಂದಿನ ಸೋಮವಾರ ಮ್ಯಾನೇಜರ್ ಕರೆದು "ನಿನಗೆ ಕೆಲಸ ಜಾಸ್ತಿ ಕೊಟ್ಟಿದ್ದೇವಾ?" ಅಂತ ವಿಚಾರಿಸಿದರು. ನನಗೆ ಹೊಗಳಿಕೆ ಬರಬೇಕಾದ ಜಾಗದಲ್ಲಿ ಅವರಿಗೆ ಚಿಂತೆ ಬಂದಿತ್ತು.

ನಾವು ಬೆಳೆದದ್ದು ಹೇಗೆ ಹೇಳು. ದೊಡ್ಡವರು ಕೇಳಿದಾಗ "ಆಗಲ್ಲ" ಅಂದರೆ ಸೊಕ್ಕು. "ಸರಿ" ಅಂದು ಆಮೇಲೆ ಒದ್ದಾಡಿದರೆ ವಿನಯ. ಅಲ್ಲಿ ಪೂರ್ತಿ ಉಲ್ಟಾ. ಆಗದ್ದಕ್ಕೆ "ಸರಿ" ಅಂದರೆ ನಂಬಿಕೆ ಮುರಿದ ಹಾಗೆ. ನಿನಗೆ ಈ ಗುಣ ನನ್ನಿಂದಲೇ ಬಂದಿದೆ. "ಹೇಳಿದ ಮಾತು ಕೇಳೋ ಮಗು" ಅಂತ ಹೊಗಳಿ ಹೊಗಳಿ ಬೆಳೆಸಿದವಳು ನಾನೇ ಅಲ್ವಾ. ಈಗ ಅದನ್ನು ಬಿಡಿಸುವ ಕೆಲಸವೂ ನನ್ನದೇ.

ಇನ್ನು ಹೆಸರು ಹಿಡಿದು ಕರೆಯುವ ವಿಷಯ. ಐವತ್ತೈದು ವರ್ಷದ ಮ್ಯಾನೇಜರನ್ನು ಹೆಸರಿನಿಂದ ಕರೆಯಲು ನಾಲಿಗೆ ಹೊರಳುವುದಿಲ್ಲ ಅಂದೆ. ನನಗೂ ಹಾಗೇ ಆಗಿತ್ತು. ಎಷ್ಟೋ ದಿನ ಹೆಸರೇ ಹೇಳದೆ, ಎದುರಿಗೆ ಹೋಗಿ ನಿಂತು, ಅವರು ನೋಡಿದ ಮೇಲೆ ಮಾತು ಶುರು ಮಾಡುತ್ತಿದ್ದೆ. ಆದರೆ ಒಂದು ಸಂಗತಿ ಗೊತ್ತಾ, ಈ ಜನ ಮೊದಲಿನಿಂದಲೂ ಹೀಗಿರಲಿಲ್ಲ. ನಮಗಿಂತ ಜಾಸ್ತಿ ಬಿಗಿ ಇದ್ದರು. ಎದುರಿಗೆ ನಿಂತವರನ್ನೇ "ಡೈರೆಕ್ಟರ್ ಅವರಿಗೆ ಕಾಫಿ ಬೇಕೇ?" ಅಂತ ಮೂರನೆಯವರ ಹಾಗೆ ಕೇಳಬೇಕಿತ್ತು. "ನಿ" ಅಂದರೆ ನಮ್ಮ "ನೀವು" ಇದ್ದ ಹಾಗೆ, ಆದರೆ ಅದನ್ನೂ ಮೇಲಿನವರಿಗೆ ಅನ್ನುವಂತಿರಲಿಲ್ಲ. 1960ರ ದಶಕದ ಕೊನೆಗೆ ಎಲ್ಲರೂ "ದು", ಅಂದರೆ "ನೀನು", ಅನ್ನಲು ಶುರು ಮಾಡಿದರು. 1967ರಲ್ಲಿ ಬ್ರೂರ್ ರೆಕ್ಸೆಡ್ ಅನ್ನುವವರು ಸರಕಾರದ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ, ಇಲ್ಲಿ ಎಲ್ಲರನ್ನೂ "ದು" ಅಂತಲೇ ಕರೆಯುತ್ತೇನೆ ಅಂದರಂತೆ. ಕೆಲವೇ ವರ್ಷಗಳಲ್ಲಿ ದೇಶವೇ ಬದಲಾಯಿತು. ಈಗ ರಾಜಮನೆತನದವರನ್ನು ಬಿಟ್ಟು ಉಳಿದವರಿಗೆಲ್ಲ "ನೀನು". ಪ್ರಧಾನಿಗೂ. ಅವರು ಅಷ್ಟು ಬೇಗ ಕಲಿತಿದ್ದಾರೆ ಅಂದಮೇಲೆ ನಿನಗೇನು ಕಷ್ಟ.

ನೀನಂತೂ ಮಗುವಾಗಿದ್ದಾಗ ಒಂದೇ ವಾರದಲ್ಲಿ ಕಲಿತಿದ್ದೆ. ಶಿಶುವಿಹಾರದ ಟೀಚರನ್ನು ಹೆಸರಿಟ್ಟು ಕೂಗುತ್ತಿದ್ದೆ, ಅವರು ಓಡಿಬರುತ್ತಿದ್ದರು. 2010ರಲ್ಲಿ ವಾಪಸ್ ಬಂದು ಇಲ್ಲಿ ಶಾಲೆಗೆ ಸೇರಿದ ಮೂರನೇ ದಿನ ನೀನು ಮಿಸ್ಸನ್ನು ಹೆಸರು ಹಿಡಿದು ಕರೆದೆ. ನನ್ನನ್ನು ಶಾಲೆಗೆ ಕರೆಸಿದ್ದರು. "ಮಗುವಿಗೆ ಸಂಸ್ಕಾರ ಕಲಿಸಿಲ್ವಾ?" ಅಂತ ಕೇಳಿದಾಗ ನಾನು "ಸರಿ ಮೇಡಂ, ಕಲಿಸ್ತೀನಿ" ಅಂದು ಬಂದೆ. ಹಾಗಾಗಿ ನೀನು ಈಗ ಹೊಸದಾಗಿ ಏನೂ ಕಲಿಯಬೇಕಿಲ್ಲ. ನಾವು ಮರೆಸಿದ್ದನ್ನು ನೆನಪಿಸಿಕೊಂಡರೆ ಸಾಕು.

"ಕಾಫಿಗೆ ಎಲ್ಲರೂ ಎದ್ದು ಹೋಗ್ತಾರೆ, ನಾನು ಟೇಬಲ್ಲಿಗೇ ತಂದ್ಕೋತೀನಿ" ಅಂದೆಯಲ್ಲ, ಅದು ಕೇಳಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಾನು ಮಾಡಿದ ತಪ್ಪನ್ನೇ ನೀನೂ ಮಾಡುತ್ತಿದ್ದೀಯ. ಫೀಕಾ ಅಂದರೆ ಬರೀ ಕಾಫಿ ಅಲ್ಲ ಕಣೇ, ಎಲ್ಲರೂ ಒಟ್ಟಿಗೆ ಕೂರುವ ಬಿಡುವು. "ಕಾಫ್ಫಿ" ಅನ್ನುವ ಹಳೆಯ ಮಾತನ್ನು ಹಿಂದುಮುಂದು ಮಾಡಿ "ಫೀಕಾ" ಆಯಿತು ಅನ್ನುತ್ತಾರೆ, ಹುಡುಗರ ಗುಪ್ತಭಾಷೆಯ ಥರ. ಬೆಳಿಗ್ಗೆ ಒಂಬತ್ತೂವರೆ ಸುಮಾರಿಗೊಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೊಮ್ಮೆ. ನಾನು ಮೂರು ತಿಂಗಳು ಹೋಗಲಿಲ್ಲ, ಕೆಲಸದಲ್ಲಿ ಶ್ರದ್ಧೆ ತೋರಿಸುತ್ತಿದ್ದೇನೆ ಅಂದುಕೊಂಡು. ಕೊನೆಗೆ ಪಕ್ಕದ ಟೇಬಲ್ಲಿನ ಹೆಂಗಸು ಬಂದು "ನಮ್ಮಿಂದ ಏನಾದರೂ ಬೇಜಾರಾಗಿದೆಯಾ?" ಅಂತ ಕೇಳಿದಳು.

ಅಲ್ಲಿ ಏನು ನಡೆಯುತ್ತದೆ ಅಂತ ಹೋದ ಮೇಲೆ ಗೊತ್ತಾಯಿತು. ಹವಾಮಾನ, ನಾಯಿ, ಬೇಸಿಗೆಯ ಮನೆಯ ಸೋರುವ ಛಾವಣಿ. ಅದರ ನಡುವೆ ಒಂದೇ ಒಂದು ಸಾಲು: "ಆ ಹೊಸ ಟೂಲ್ ತರೋ ವಿಚಾರ ಇದೆಯಲ್ಲ, ನಿನಗೇನನ್ನಿಸುತ್ತೆ?" ಆ ಸಾಲಿನಲ್ಲೇ ಇರುವುದು ಎಲ್ಲ. ಅವರು ಇದಕ್ಕೆ "ಫೊರಾಂಕ್ರಾ" ಅನ್ನುತ್ತಾರೆ, ಲಂಗರು ಹಾಕುವುದು ಅಂತ ಅರ್ಥ. ಯಾವುದೇ ತೀರ್ಮಾನವನ್ನು ಮೀಟಿಂಗಿಗೆ ತರುವ ಮುಂಚೆ ಒಬ್ಬೊಬ್ಬರ ಹತ್ತಿರವೂ ಹೋಗಿ ಲಂಗರು ಹಾಕಿ ಬರಬೇಕು. ನಮ್ಮ ಮದುವೆ ಮಾತುಕತೆ ನೋಡಿಲ್ವಾ? ಹಜಾರದಲ್ಲಿ ಹಿರಿಯರು ಕೂತು ತೀರ್ಮಾನ ಮಾಡಿದ ಹಾಗೆ ಕಾಣುತ್ತದೆ. ಅಷ್ಟೊತ್ತಿಗೆ ಅಡುಗೆಮನೆಯಲ್ಲಿ ಎಲ್ಲ ಮುಗಿದಿರುತ್ತದೆ. ಅಲ್ಲಿನ ಆಫೀಸಿಗೂ ಒಂದು ಅಡುಗೆಮನೆ ಇದೆ, ಅದರ ಹೆಸರು ಫೀಕಾ. ನೀನು ಹಜಾರದಲ್ಲೇ ಕೂತು ಕಾಯುತ್ತಿದ್ದೀಯ.

ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳಿದರೆ, ನನಗೆ ಇವತ್ತಿಗೂ ಎರಡು ಮನಸ್ಸು. ಎಷ್ಟೋ ಸಲ ಸಿಟ್ಟು ಬರುತ್ತಿತ್ತು. ಒಂದು ಸಣ್ಣ ವಿಷಯಕ್ಕೆ ನಾಲ್ಕು ಮೀಟಿಂಗ್, ಐದನೆಯದಕ್ಕೆ ದಿನ ಗೊತ್ತು ಮಾಡಲು ಇನ್ನೊಂದು. ಒಮ್ಮೆ ತಡೆಯಲಾರದೆ ನಾನು ನೇರವಾಗಿ ಮ್ಯಾನೇಜರ್ ಮೇಲಿನವರಿಗೆ ಬರೆದು ಒಪ್ಪಿಗೆ ತಂದುಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಆದರೆ ಆ ಕೆಲಸ ಒಂದಿಂಚೂ ಮುಂದೆ ಹೋಗಲಿಲ್ಲ. ಲಂಗರೇ ಹಾಕದ ದೋಣಿ! ಇನ್ನೊಂದು ಕಡೆ, ಅವರು ಒಮ್ಮೆ ಒಪ್ಪಿಕೊಂಡರೆ ಆಮೇಲೆ ಹಿಂದಿನಿಂದ ಕಾಲೆಳೆಯುವವರು ಇರುವುದಿಲ್ಲ. ಅದು ಸಣ್ಣ ವಿಷಯವಲ್ಲ.

ಅವರಿಗೆ ನೇರವಾಗಿ ಜಗಳ ಆಡಲು ಬರುವುದಿಲ್ಲ, ನೆನಪಿಟ್ಟುಕೋ. "ಹ್ಮ್, ಇಂಟ್ರೆಸ್ಟಿಂಗ್" ಅಂತ ಎಳೆದು ಹೇಳಿದರೆ ಖುಷಿಪಡಬೇಡ. "ನೋಡೋಣ" ಅಂದರೆ ನಮ್ಮ ನೆಂಟರ "ನೋಡೋಣ"ದಷ್ಟೇ ಬೆಲೆ. ಉತ್ತರದ ಕಡೆಯವರು ಯಾರಾದರೂ ಮಾತಿನ ಮಧ್ಯೆ "ಶ್ಶುಪ್" ಅಂತ ಉಸಿರೆಳೆದುಕೊಂಡರೆ ಗಾಬರಿಯಾಗಬೇಡ, ಅದು ಅವರ "ಹೌದು". ನನ್ನ ಜೊತೆಗಿದ್ದ ಒಬ್ಬನಿಗೆ ಆಸ್ತಮಾ ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ.

ಹುಟ್ಟುಹಬ್ಬದ ದಿನ ಕೇಕ್ ನೀನೇ ತರಬೇಕು, ಗೊತ್ತಿರಲಿ. ಅವರು ತರುತ್ತಾರೆ ಅಂತ ಕಾಯಬೇಡ. ನಾನು ಮೈಸೂರು ಪಾಕ್ ಮಾಡಿಕೊಂಡು ಹೋಗಿದ್ದೆ. ಕೊನೆಯ ತುಂಡನ್ನು ಒಬ್ಬಳು ಅರ್ಧ ಕತ್ತರಿಸಿ ತಿಂದಳು. ಉಳಿದ ಅರ್ಧವನ್ನು ಇನ್ನೊಬ್ಬ ಅರ್ಧ ಮಾಡಿದ. ಸಂಜೆ ನೋಡಿದರೆ ಡಬ್ಬಿಯಲ್ಲಿ ಕಡಲೆಕಾಳಿನಷ್ಟು ಉಳಿದಿತ್ತು. ಪೂರ್ತಿ ತೆಗೆದುಕೊಳ್ಳಲು ಯಾರಿಗೂ ಮನಸ್ಸಿಲ್ಲ. "ಲಾಗೊಮ್" ಅನ್ನುವ ಮಾತನ್ನು ನೀನು ಕೇಳಿರುತ್ತೀಯ, ಜಾಸ್ತಿಯೂ ಅಲ್ಲ ಕಮ್ಮಿಯೂ ಅಲ್ಲ ಅನ್ನುವುದಕ್ಕೆ. ಬೇರೆ ಭಾಷೆಯಲ್ಲಿ ಅದಕ್ಕೆ ಸಮನಾದ ಮಾತಿಲ್ಲ ಅಂತ ಅವರು ಹೆಮ್ಮೆಪಡುತ್ತಾರೆ. ನಾನು ಪಾಕದ ಕಡೆ ಬೆರಳು ಮಾಡಿ, ನಮ್ಮಲ್ಲಿ ಇದೆ, "ಹದ" ಅನ್ನುತ್ತೇವೆ ಅಂದೆ. ಅವರಿಗೆ ಹದ ಸಿಕ್ಕಿದ್ದು ನಡತೆಯಲ್ಲಿ, ನಮಗೆ ಅಡುಗೆಯಲ್ಲಿ.

ಹೊತ್ತಿನ ವಿಚಾರ ಜಾಸ್ತಿ ಹೇಳುವುದಿಲ್ಲ. ಒಂಬತ್ತು ಅಂದರೆ ಒಂಬತ್ತು. ಅವರು ವಾರದ ನಂಬರಿನಲ್ಲಿ ಮಾತಾಡುತ್ತಾರೆ, "ವೆಕ್ಕಾ 41ರಲ್ಲಿ ಸೇರೋಣ" ಅಂತ. ನಾನು ಡೈರಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಈಗ ಫೋನಿನಲ್ಲೇ ಬರುತ್ತದೆ, ಹಾಕಿಸಿಕೋ. ನಾಲ್ಕೂವರೆಗೆ ಎಲ್ಲರೂ ಎದ್ದಾಗ ನೀನೂ ಏಳು. ಕದ್ದು ಹೋಗುವ ಹಾಗೆ ಹೋಗಬೇಡ. ಮಗುವನ್ನು ಕರೆದುಕೊಂಡು ಬರಲು ಹೋಗುವ ಡೈರೆಕ್ಟರು ಎಲ್ಲರೆದುರೇ ಹೇಳಿ ಹೋಗುತ್ತಾರೆ.

ನಿನಗೆ ಚಿಕನ್‌ಪಾಕ್ಸ್ ಆಗಿದ್ದು ಗೊತ್ತಲ್ವಾ. ಅಪ್ಪ ಊರಿಗೆ ಹೋಗಿದ್ದ ತಿಂಗಳು. ನಾನು ಮ್ಯಾನೇಜರಿಗೆ ಮೂರು ಪ್ಯಾರಾ ಕ್ಷಮಾಪಣೆ ಬರೆದೆ, ಮನೆಯಿಂದ ರಾತ್ರಿ ಕೆಲಸ ಮಾಡಿಕೊಡುತ್ತೇನೆ ಅಂತೆಲ್ಲ. ಉತ್ತರ ಒಂದು ಸಾಲು: "ಓಕೆ. ಬೇಗ ಹುಷಾರಾಗಲಿ." ಮಗುವಿಗೆ ಹುಷಾರಿಲ್ಲದಾಗ ಮನೆಯಲ್ಲಿರುವುದು ಅಲ್ಲಿ ಹಕ್ಕು, ಅದಕ್ಕೆ "ವಾಬ್" ಅಂತ ಹೆಸರೇ ಇದೆ. ಸರಕಾರವೇ ಸಂಬಳದ ಬಹುಪಾಲು ಕೊಡುತ್ತದೆ. ಫೆಬ್ರವರಿಯಲ್ಲಿ ಮಕ್ಕಳಿಗೆಲ್ಲ ಶೀತ, ಹಾಗಾಗಿ ಆ ತಿಂಗಳನ್ನು "ವಾಬ್ರುವರಿ" ಅಂತ ತಮಾಷೆ ಮಾಡುತ್ತಾರೆ. 1974ರಲ್ಲೇ ಹೆರಿಗೆ ರಜೆಯನ್ನು ತಂದೆ ತಾಯಿ ಇಬ್ಬರ ರಜೆಯಾಗಿ ಮಾಡಿದ ದೇಶ ಅದು. ಈಗ ಒಂದು ಮಗುವಿಗೆ 480 ದಿನ, ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು, 90 ಅಮ್ಮನಿಗೆ. ನಿಮ್ಮಪ್ಪ ಪಾರ್ಕಿನಲ್ಲಿ ನಿನ್ನನ್ನು ಉಯ್ಯಾಲೆ ಆಡಿಸುವಾಗ ಸುತ್ತಲೂ ತಳ್ಳುಗಾಡಿ ಹಿಡಿದ ಗಂಡಸರೇ. ತಮ್ಮ ಬದುಕಿನ ಅತಿ ನೆಮ್ಮದಿಯ ದಿನಗಳು ಅವು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಕಾಗದಪತ್ರದ ಕೆಲವು ಮಾತು ಬೇಗ ಮುಗಿಸುತ್ತೇನೆ. ಪರ್ಸೋನ್‌ನಂಬರ್, ಅಂದರೆ ನಮ್ಮ ಆಧಾರ್ ಥರದ ಗುರುತಿನ ನಂಬರ್, ಬಂತು ಅಂದೆ, ಒಳ್ಳೆಯದಾಯಿತು. ಫೋನಿನಲ್ಲೇ ಗುರುತು ತೋರಿಸುವ ಬ್ಯಾಂಕ್ ಐಡಿ ಬರುವವರೆಗೆ ಆ ದೇಶದಲ್ಲಿ ನೀನು ಅರ್ಧವೇ ಇದ್ದ ಹಾಗೆ, ಬೆನ್ನು ಬಿಡಬೇಡ. ಸೆಮೆಸ್ಟರ್ ಅಂದರೆ ಅಲ್ಲಿ ರಜೆ, ಪರೀಕ್ಷೆ ಅಂತ ಬೆದರಬೇಡ. ಕಾನೂನಿನ ಪ್ರಕಾರ ವರ್ಷಕ್ಕೆ 25 ದಿನ. ಅದನ್ನು ತೆಗೆದುಕೊಳ್ಳದೆ ಉಳಿಸಿದರೆ ಯಾರೂ ಮೆಚ್ಚುವುದಿಲ್ಲ. ಹೊಸಬರಿಗೆ ಮೊದಲ ವರ್ಷ ಸಂಬಳದ ರಜೆ ಹೇಗೆ ಅಂತ ಕಂಪನಿಯಲ್ಲಿ ಕೇಳಿ ಬರೆಸಿಕೋ. ಹುಷಾರಿಲ್ಲದಿದ್ದರೆ ಮನೆಯಲ್ಲಿರು. ಏಳು ದಿನದವರೆಗೆ ಡಾಕ್ಟರ್ ಚೀಟಿಯನ್ನೂ ಕೇಳುವುದಿಲ್ಲ. ಮೂಗು ಸೋರಿಸಿಕೊಂಡು ಆಫೀಸಿಗೆ ಹೋಗುವುದು ಅಲ್ಲಿ ಸಾಹಸವಲ್ಲ, ಅಸಹ್ಯ.

ಯೂನಿಯನ್ ಅಂದರೆ ಧಿಕ್ಕಾರ, ಬಾವುಟ ಅಂತ ತಿಳಿಯಬೇಡ. ಇಂಜಿನಿಯರುಗಳು, ಮ್ಯಾನೇಜರುಗಳೂ ಸದಸ್ಯರಾಗಿರುತ್ತಾರೆ. ಕನಿಷ್ಠ ಸಂಬಳ ಇಷ್ಟು ಅನ್ನುವ ಕಾನೂನೇ ಆ ದೇಶದಲ್ಲಿಲ್ಲ, ಕೇಳಿದರೆ ಆಶ್ಚರ್ಯ ಆಗುತ್ತದೆ. ಎಲ್ಲ ನಡೆಯುವುದು ಯೂನಿಯನ್ ಮತ್ತು ಮಾಲೀಕರ ಒಪ್ಪಂದದ ಮೇಲೆ. ಹತ್ತರಲ್ಲಿ ಸುಮಾರು ಒಂಬತ್ತು ನೌಕರರು ಅಂಥ ಒಪ್ಪಂದದ ನೆರಳಲ್ಲಿದ್ದಾರೆ. ಇದಕ್ಕೆ ಬುನಾದಿ ಬಿದ್ದದ್ದು 1938ರಲ್ಲಿ, ಸಾಲ್ಟ್‌ಶೋಬಾದೆನ್ ಅನ್ನುವ ಊರಿನಲ್ಲಿ. ನಿನ್ನ ಸ್ಟಾಕ್‌ಹೋಮಿನಿಂದ ದೂರವೇನಿಲ್ಲ, ಸಮುದ್ರದ ದಡ, ಒಂದು ಭಾನುವಾರ ಹೋಗಿ ಬಾ. ನೀನು ಯೂನಿಯನ್ನಿಗೆ ಸೇರು. ನಿರುದ್ಯೋಗ ವಿಮೆಯ "ಆ-ಕಾಸ್ಸಾ" ಬೇರೆ, ಅದಕ್ಕೂ ಸೇರು. ಇನ್ನೊಂದು, ನಿನ್ನ ವರ್ಕ್ ಪರ್ಮಿಟ್ಟಿಗೆ ಸಂಬಳ, ವಿಮೆ ಎಲ್ಲ ಸರಿಯಾಗಿರಬೇಕು. ಹಿಂದೆ ಕಂಪನಿಯವರು ವಿಮೆಯಲ್ಲಿ ಮಾಡಿದ ಸಣ್ಣ ತಪ್ಪಿಗೆ ಎಷ್ಟೋ ಜನ ದೇಶ ಬಿಡಬೇಕಾಗಿ ಬಂದಿತ್ತು. ಸಂಬಳದ ಚೀಟಿಗಳನ್ನೆಲ್ಲ ಜೋಪಾನವಾಗಿಡು.

ಭಾಷೆ ಕಲಿ. ಇಂಗ್ಲಿಷಿನಲ್ಲಿ ಕೆಲಸ ನಡೆಯುತ್ತದೆ, ನಿಜ. ಆದರೆ ಫೀಕಾ ಟೇಬಲ್ಲಿನಲ್ಲಿ ನಾಲ್ಕನೇ ನಿಮಿಷಕ್ಕೆ ಮಾತು ಸ್ವೀಡಿಷ್‌ಗೆ ಜಾರುತ್ತದೆ, ನಗು ಅಲ್ಲಿರುತ್ತದೆ. ನಾನು ಮೂರು ವರ್ಷ ಇದ್ದೂ ಕಲಿಯಲಿಲ್ಲ, "ಹೇಗೂ ವಾಪಸ್ ಹೋಗ್ತೀವಲ್ಲ" ಅಂದುಕೊಂಡೆ. ಅದೇ ನನ್ನ ದೊಡ್ಡ ತಪ್ಪು, ಆ ಶುಕ್ರವಾರಕ್ಕಿಂತ ದೊಡ್ಡದು. ಮೂರು ವರ್ಷ ಪಕ್ಕದಲ್ಲಿ ಕೂತವಳ ಮನೆ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಎಲ್ಲರೂ ಒಳ್ಳೆಯವರೇ, ಬಾಗಿಲು ಮಾತ್ರ ಮುಚ್ಚಿರುತ್ತಿತ್ತು. ಮುಚ್ಚಿಟ್ಟವಳು ನಾನಾ ಅವರಾ, ಇವತ್ತಿಗೂ ಗೊತ್ತಾಗಿಲ್ಲ. ಅಲ್ಲಿನ ಮುನಿಸಿಪಾಲಿಟಿಯೇ ಹೊಸಬರಿಗೆ ಪುಕ್ಕಟೆಯಾಗಿ ಕಲಿಸುತ್ತದೆ, ಎಸ್‌ಎಫ್‌ಐ ಅಂತ. ನೀನು ಎರಡು ಮಾತು ಆಡಿದ ಕೂಡಲೇ ಅವರು ಇಂಗ್ಲಿಷಿಗೆ ಬದಲಾಯಿಸುತ್ತಾರೆ. ಬಿಡಬೇಡ, ಸ್ವೀಡಿಷಿನಲ್ಲೇ ಮಾತಾಡಿ ಅಂತ ಕೇಳಿಕೋ.

ನಾಳೆ ಬೆಳಿಗ್ಗೆ ಆಫೀಸಿಗೆ ಹೋದ ಕೂಡಲೇ ಮ್ಯಾನೇಜರ್ ಕ್ಯಾಲೆಂಡರಿನಲ್ಲಿ ಅರ್ಧ ಗಂಟೆ ಬುಕ್ ಮಾಡು. ಅದಕ್ಕೆ ಅವರು "ಆವ್‌ಸ್ಟೆಮ್ನಿಂಗ್" ಅನ್ನುತ್ತಾರೆ, ತಂಬೂರಿ ಶ್ರುತಿ ನೋಡಿದ ಹಾಗೆ ಅಂತಿಟ್ಟುಕೋ. ಮೂರೇ ಮಾತು: ಇದು ಮಾಡುತ್ತಿದ್ದೇನೆ, ಇದು ಮಾಡಬೇಕು ಅಂದುಕೊಂಡಿದ್ದೇನೆ, ಇದು ನನ್ನಿಂದ ಈ ವಾರ ಆಗಲ್ಲ. ಆಮೇಲೆ ಅವರು ಸುಮ್ಮನಾದರೆ ನೀನೂ ಸುಮ್ಮನಿರು. ಆ ಮೌನವನ್ನು ತುಂಬಿಸಲು "ಸರಿ, ಮಾಡ್ತೀನಿ" ಅಂದುಬಿಡಬೇಡ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸು, ಕನ್ನಡದಲ್ಲೇ.

ಡಿಸೆಂಬರಿನಲ್ಲಿ ಮೂರಕ್ಕೇ ಕತ್ತಲಾಗುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಹೊರಗೆ ಒಂದು ಸುತ್ತು ಹಾಕು. ಡಿ ವಿಟಮಿನ್ ಬಗ್ಗೆ ಡಾಕ್ಟರನ್ನು ಕೇಳು. ಚಟ್ನಿಪುಡಿ, ಸಾರಿನಪುಡಿ ನಾಡಿದ್ದು ಕೊರಿಯರ್ ಮಾಡುತ್ತೇನೆ. ತುಪ್ಪ ಕಳಿಸುವಂತಿಲ್ಲ, ಹಾಲಿನ ಪದಾರ್ಥ ಬಿಡುವುದಿಲ್ಲವಂತೆ.

ನಿಮ್ಮಪ್ಪ ಆಗಲೇ ಟಿಕೆಟ್ ನೋಡುತ್ತಾ ಕೂತಿದ್ದಾರೆ. ಮುಂದಿನ ಬೇಸಿಗೆಗೆ ನಾವು ಬರುವುದು ವಾರ 24ಕ್ಕೆ, ಹೊರಡುವುದು ವಾರ 28ಕ್ಕೆ. ಅಷ್ಟು ದಿನ ಇಬ್ಬರನ್ನೂ ಇಟ್ಟುಕೊಳ್ಳಲು ಆಗಲ್ಲ ಅನ್ನಿಸಿದರೆ ಈಗಲೇ ಹೇಳು.

ನಿನ್ನ
ಅಮ್ಮ